ನೆಲದಡಿಯ ರೇಡಾನನ್ನು ಮನೆಯಿಂದ ಹೊರಗಿಡುವ ಬಗೆ

ದೇವರಾಯನದುರ್ಗವನ್ನು ಹತ್ತಿದವರಿಗೆ, ಕುಣಿಗಲ್ ತಾಲ್ಲೂಕಿನ ಹುತ್ರಿದುರ್ಗದ ಬಂಡೆಗಳನ್ನು ಕಂಡವರಿಗೆ ತುಮಕೂರು ಸೀಮೆಯ ನೆಲದಡಿ ಏನಿದೆ ಎಂದು ಹೇಳಬೇಕಾಗಿಲ್ಲ. ಗ್ರಾನೈಟ್ ಮತ್ತು ನೈಸ್ ಶಿಲೆಗಳೇ ಇಲ್ಲಿಯ ತಳಹದಿ. ಮನೆಯ ಪಾಯಕ್ಕೆ ಹಾಕುವ ಸೈಜುಗಲ್ಲು, ಕಾಂಕ್ರೀಟಿಗೆ ಬೆರೆಸುವ ಜಲ್ಲಿ ಎಲ್ಲವೂ ಈ ಬಂಡೆಗಳಿಂದಲೇ ಬರುತ್ತವೆ. ಇವುಗಳಲ್ಲಿ ಅತ್ಯಲ್ಪ ಪ್ರಮಾಣದಲ್ಲಿ ಯುರೇನಿಯಂ ಇದೆ. ಯುರೇನಿಯಂ ಇರುವಲ್ಲೆಲ್ಲ ಅದರಿಂದ ಹುಟ್ಟುವ ರೇಡಾನ್ ಅನಿಲವೂ ಇರುತ್ತದೆ. ಈ ಅನಿಲ ಮನೆಯೊಳಗೆ ಸೇರಿಕೊಂಡರೆ ಏನಾಗುತ್ತದೆ? ಅದನ್ನು ಹೊರಹಾಕುವ ವ್ಯವಸ್ಥೆಯನ್ನು ಅಳವಡಿಸುವುದು ಹೇಗೆ? ಅಂಥ ವ್ಯವಸ್ಥೆ ನಮ್ಮ ಮನೆಗಳಿಗೆ ನಿಜವಾಗಿಯೂ ಬೇಕೆ? ಒಂದೊಂದಾಗಿ ನೋಡೋಣ.

ರೇಡಾನ್ ಎಂದರೇನು?

ಯುರೇನಿಯಂ-238ರ ಅರ್ಧಾಯು ಸುಮಾರು 447 ಕೋಟಿ ವರ್ಷ. ಅದು ಹಂತಹಂತವಾಗಿ ವಿಘಟನೆಗೊಳ್ಳುತ್ತಾ ರೇಡಿಯಂ-226 ಆಗುತ್ತದೆ. ರೇಡಿಯಂನ ಅರ್ಧಾಯು 1600 ವರ್ಷ. ಅದು ಒಂದು ಆಲ್ಫಾ ಕಣವನ್ನು ಹೊರಸೂಸಿ ರೇಡಾನ್-222 ಆಗುತ್ತದೆ. ಈ ಸರಪಳಿಯಲ್ಲಿ ಅನಿಲರೂಪದಲ್ಲಿರುವುದು ರೇಡಾನ್ ಒಂದೇ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಜಡಾನಿಲವಾದ್ದರಿಂದ ಮಣ್ಣಿನ ಯಾವ ವಸ್ತುವಿನೊಂದಿಗೂ ಸಂಯೋಗ ಹೊಂದದೆ, ಮಣ್ಣಿನ ರಂಧ್ರಗಳ ಮೂಲಕ ಮೇಲೆ ಬರುತ್ತದೆ. ಇದರ ಅರ್ಧಾಯು 3.82 ದಿನ. ಬಂಡೆಯಿಂದ ಮನೆಯವರೆಗೆ ಪ್ರಯಾಣ ಮಾಡಲು ಈ ಅವಧಿ ಸಾಕು.

ವಿಕಿರಣಪಟುತ್ವದ ಏಕಮಾನ ಬೆಕೆರೆಲ್. ಸೆಕೆಂಡಿಗೆ ಒಂದು ಪರಮಾಣು ವಿಘಟನೆಯಾದರೆ ಅದು ಒಂದು ಬೆಕೆರೆಲ್. ಒಂದು ಘನ ಮೀಟರ್ ಗಾಳಿಯಲ್ಲಿ 100 ಬೆಕೆರೆಲ್ ರೇಡಾನ್ ಇದೆ ಎಂದುಕೊಳ್ಳಿ. ಅರ್ಧಾಯುವಿನಿಂದ ಲೆಕ್ಕ ಹಾಕಿದರೆ ಅಲ್ಲಿರುವ ರೇಡಾನ್ ಪರಮಾಣುಗಳು ಸುಮಾರು 4.8 ಕೋಟಿ. ಅದೇ ಘನ ಮೀಟರಿನಲ್ಲಿ ಗಾಳಿಯ ಅಣುಗಳ ಸಂಖ್ಯೆಯನ್ನು ಬರೆಯಲು 25ರ ಮುಂದೆ 24 ಸೊನ್ನೆಗಳನ್ನು ಹಾಕಬೇಕು! ರೇಡಾನ್ ಗಾಳಿಗಿಂತ ಏಳೂವರೆ ಪಟ್ಟು ಸಾಂದ್ರವಾದ್ದರಿಂದ ನೆಲದ ಮೇಲೆ ಕೆಳಗೇ ಕುಳಿತಿರುತ್ತದೆ ಎಂದು ಕೆಲವರು ತಿಳಿಯುತ್ತಾರೆ. ಇಷ್ಟು ವಿರಳವಾದ ಅನಿಲ ಹಾಗೆ ಬೇರೆಯಾಗಿ ಕೂರುವುದಿಲ್ಲ, ಗಾಳಿಯೊಂದಿಗೆ ಬೆರೆತೇ ಇರುತ್ತದೆ. ಕೆಳಅಂತಸ್ತಿನಲ್ಲಿ ರೇಡಾನ್ ಹೆಚ್ಚಿರಲು ಕಾರಣ ಅದರ ತೂಕವಲ್ಲ. ಅದು ಬರುವ ಬಾಗಿಲು ಅಲ್ಲಿದೆ.

ಅಪಾಯ ಎಷ್ಟು?

ನಾವು ಉಸಿರಾಡಿದ ರೇಡಾನ್ ಬಹುಪಾಲು ಹಾಗೆಯೇ ಹೊರಗೆ ಬರುತ್ತದೆ. ತೊಂದರೆ ಕೊಡುವುದು ಅದರ ಸಂತತಿ. ರೇಡಾನ್ ವಿಘಟಿಸಿ ಹುಟ್ಟುವ ಪೊಲೋನಿಯಂ-218, ಸೀಸ-214, ಬಿಸ್ಮತ್-214, ಪೊಲೋನಿಯಂ-214 ಇವು ಅನಿಲಗಳಲ್ಲ, ಘನ ಕಣಗಳು. ಧೂಳು, ಹೊಗೆಗಳಿಗೆ ಅಂಟಿಕೊಂಡು ಶ್ವಾಸನಾಳಗಳ ಒಳಪದರದ ಮೇಲೆ ಕೂರುತ್ತವೆ. ಎರಡು ಪೊಲೋನಿಯಂಗಳೂ ಅಲ್ಲಿಯೇ ಆಲ್ಫಾ ಕಣಗಳನ್ನು ಸೂಸಿ ಜೀವಕೋಶಗಳ ಡಿಎನ್‌ಎಯನ್ನು ಘಾಸಿಗೊಳಿಸುತ್ತವೆ. ಹಲವು ವರ್ಷಗಳ ಕಾಲ ಹೀಗಾದರೆ ಶ್ವಾಸಕೋಶದ ಕ್ಯಾನ್ಸರಿನ ಸಂಭವ ಹೆಚ್ಚುತ್ತದೆ.

2005ರಲ್ಲಿ ಯುರೋಪಿನ 13 ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು ಪ್ರಕಟವಾಯಿತು. ಮನೆಯ ಗಾಳಿಯಲ್ಲಿ ದೀರ್ಘಕಾಲದ ಸರಾಸರಿ ರೇಡಾನ್ ಪ್ರತಿ ಘನ ಮೀಟರಿಗೆ 100 ಬೆಕೆರೆಲ್ ಹೆಚ್ಚಿದರೆ ಈ ಕ್ಯಾನ್ಸರಿನ ಸಂಭವ ಶೇಕಡ 16ರಷ್ಟು ಹೆಚ್ಚುತ್ತದೆ ಎಂದು ಅದು ತೋರಿಸಿತು. ಇದನ್ನು ತಲೆಯೆಣಿಕೆಯಲ್ಲಿ ನೋಡೋಣ. ಎಂದೂ ಧೂಮಪಾನ ಮಾಡದ ಸಾವಿರ ಜನರಲ್ಲಿ 75ರ ವಯಸ್ಸಿನೊಳಗೆ ಶ್ವಾಸಕೋಶದ ಕ್ಯಾನ್ಸರಿಗೆ ತುತ್ತಾಗುವವರು, ರೇಡಾನ್ ಇಲ್ಲದಿದ್ದರೆ ಸುಮಾರು 4, ರೇಡಾನ್ 100 ಬೆಕೆರೆಲ್ ಇದ್ದರೆ 5, 400 ಇದ್ದರೆ 7. ಧೂಮಪಾನ ಮಾಡುವವರಲ್ಲಿ ಈ ಸಂಖ್ಯೆಗಳು ಸುಮಾರು 100, 120 ಮತ್ತು 160. ಬೀಡಿ ಸಿಗರೇಟು ಸೇದುವವರಿರುವ ಮನೆಯಲ್ಲಿ ರೇಡಾನಿನ ಅಪಾಯ ಹಲವು ಪಟ್ಟು ದೊಡ್ಡದು ಎಂಬುದು ಇದರಿಂದ ಸ್ಪಷ್ಟ. ಅಂಥ ಮನೆಯಲ್ಲಿ ಯಾವ ಫ್ಯಾನಿಗಿಂತಲೂ ಮೊದಲು ನಿಲ್ಲಬೇಕಾದ್ದು ಬೀಡಿ.

ಮನೆಗಳ ರೇಡಾನಿನ ಜಾಗತಿಕ ಸರಾಸರಿ ಘನ ಮೀಟರಿಗೆ ಸುಮಾರು 40 ಬೆಕೆರೆಲ್. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ 100 ಬೆಕೆರೆಲನ್ನು ಆಧಾರ ಮಟ್ಟವಾಗಿ ಸೂಚಿಸಿತು. ಅದು ಸಾಧ್ಯವಾಗದ ದೇಶಗಳಲ್ಲೂ 300ನ್ನು ಮೀರಬಾರದು ಎಂದಿತು.

ಒಬ್ಬ ಎಂಜಿನಿಯರನ ಮನೆ

ಮನೆಗಳಲ್ಲಿ ರೇಡಾನ್ ಇಷ್ಟೊಂದು ಸೇರಬಹುದು ಎಂದು ಜಗತ್ತು ಗಮನಿಸಿದ್ದು 1984ರ ಡಿಸೆಂಬರಿನಲ್ಲಿ. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಲಿಮರಿಕ್ ಪರಮಾಣು ವಿದ್ಯುತ್ ಸ್ಥಾವರದಲ್ಲಿ ಕೆಲಸ ಮಾಡುತ್ತಿದ್ದ ಸ್ಟಾನ್ಲಿ ವಾಟ್ರಸ್ ಎಂಬ ಎಂಜಿನಿಯರ್ ವಿಕಿರಣ ತಪಾಸಣೆಯ ಯಂತ್ರವನ್ನು ದಾಟಿದಾಗಲೆಲ್ಲ ಗಂಟೆ ಬಾರಿಸುತ್ತಿತ್ತು. ಆಗ ಸ್ಥಾವರ ಇನ್ನೂ ವಿದ್ಯುತ್ ಉತ್ಪಾದಿಸುತ್ತಿರಲಿಲ್ಲ. ಅವರು ಸ್ಥಾವರದ ಒಳಗೆ ಬರುವಾಗಲೇ ಗಂಟೆ ಬಾರಿಸಿದ್ದರಿಂದ ವಿಕಿರಣವಸ್ತು ಮನೆಯಿಂದ ಬರುತ್ತಿದೆ ಎಂಬುದು ತಿಳಿಯಿತು. ಮನೆಯ ಗಾಳಿಯನ್ನು ಅಳೆದಾಗ ಘನ ಮೀಟರಿಗೆ ಸುಮಾರು ಒಂದು ಲಕ್ಷ ಬೆಕೆರೆಲ್ ರೇಡಾನ್ ಕಂಡಿತು! ಆ ಮನೆ ನಿಂತಿದ್ದುದು ಯುರೇನಿಯಂ ಇದ್ದ ಹಳೆಯ ನೈಸ್ ಶಿಲೆಗಳ ಪಟ್ಟಿಯ ಮೇಲೆ. ಕುಟುಂಬವನ್ನು ಬೇರೆಡೆಗೆ ಕಳಿಸಿ, ನೆಲದಡಿಯಿಂದ ಗಾಳಿಯನ್ನು ಹೀರಿ ಹೊರಹಾಕುವ ವ್ಯವಸ್ಥೆಯನ್ನು ಅಳವಡಿಸಲಾಯಿತು. 1985ರಲ್ಲಿ ಕುಟುಂಬ ಅದೇ ಮನೆಗೆ ಮರಳಿತು. ಇಂದು ರೇಡಾನ್ ನಿವಾರಣೆ ಎಂದು ಹೆಸರಾಗಿರುವ ತಂತ್ರ ಇಂಥ ಮನೆಗಳಲ್ಲಿ ಬೆಳೆದು ಬಂದದ್ದು.

ತುಮಕೂರು ಸೀಮೆಯ ನೆಲ

ನಮ್ಮಲ್ಲೂ ನೆಲ ಅಂಥದ್ದೇ ಹಳೆಯದು. ಕನಕಪುರ, ರಾಮನಗರ, ಮಾಗಡಿಗಳಿಂದ ತುಮಕೂರಿನ ಪೂರ್ವಭಾಗ, ಮಧುಗಿರಿ, ಪಾವಗಡಗಳ ಮೂಲಕ ಉತ್ತರಕ್ಕೆ ಸಾಗುವ ಗ್ರಾನೈಟ್ ಪಟ್ಟಿಗೆ ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ಕ್ಲೋಸ್‌ಪೇಟೆ ಎಂಬುದು ರಾಮನಗರದ ಹಳೆಯ ಹೆಸರು. ಈ ಶಿಲೆಯ ವಯಸ್ಸು ಸುಮಾರು 250 ಕೋಟಿ ವರ್ಷ. ಇದರ ಅಕ್ಕಪಕ್ಕ ಇನ್ನೂ ಹಳೆಯ ನೈಸ್ ಹರಡಿದೆ. ಗುಬ್ಬಿಯಿಂದ ಪಶ್ಚಿಮಕ್ಕೆ ಚಿಕ್ಕನಾಯಕನಹಳ್ಳಿಯ ಕಡೆ ಹೋದಂತೆ ಶಿಸ್ಟ್ ಶಿಲೆಗಳು ಕಾಣುತ್ತವೆ. ಸಾಮಾನ್ಯವಾಗಿ ಒಂದು ಟನ್ ಗ್ರಾನೈಟಿನಲ್ಲಿ 3ರಿಂದ 5 ಗ್ರಾಂ ಯುರೇನಿಯಂ ಇರುತ್ತದೆ. ಕಪ್ಪು ಬೆಸಾಲ್ಟ್ ಶಿಲೆಯಲ್ಲಿ ಅದು ಒಂದು ಗ್ರಾಂಗಿಂತ ಕಡಿಮೆ.

2010ರ ದಶಕದಲ್ಲಿ ರಾಮನಗರ ಮತ್ತು ತುಮಕೂರು ಜಿಲ್ಲೆಗಳ ಮಣ್ಣಿನ ವಿಕಿರಣಪಟುತ್ವವನ್ನೂ ಅಂತರ್ಜಲದ ರೇಡಾನನ್ನೂ ಅಳೆದ ಸಂಶೋಧನಾ ಪ್ರಬಂಧಗಳು ಪ್ರಕಟವಾದವು. ನೆರೆಯ ಬೆಂಗಳೂರಿನ ಕೆಲವು ಭಾಗಗಳ ಅಂತರ್ಜಲದಲ್ಲಿ ಲೀಟರಿಗೆ ಸುಮಾರು 56ರಿಂದ 1189 ಬೆಕೆರೆಲ್‌ವರೆಗೆ ರೇಡಾನ್ ಇರುವುದನ್ನು 2010ರಲ್ಲಿ ಭಾರತೀಯ ಭೂವೈಜ್ಞಾನಿಕ ಸೊಸೈಟಿಯ ಪತ್ರಿಕೆ ವರದಿ ಮಾಡಿತು. ಪೂರ್ವ ಕರ್ನಾಟಕದ 73 ಗ್ರಾಮಗಳ ಅಂತರ್ಜಲವನ್ನು ಪರೀಕ್ಷಿಸಿದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಮತ್ತು ಸಂಗಡಿಗರು, 57 ಗ್ರಾಮಗಳಲ್ಲಿ ಯುರೇನಿಯಂ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯಾದ ಲೀಟರಿಗೆ 30 ಮೈಕ್ರೊಗ್ರಾಮನ್ನು ಮೀರಿರುವುದನ್ನು 2021ರಲ್ಲಿ ತಿಳಿಸಿದರು. ನೀರಿನ ಯುರೇನಿಯಂ ಮನೆಯ ಗಾಳಿಯ ರೇಡಾನಿಗೆ ಅಳತೆಗೋಲಲ್ಲ. ಆದರೆ ರೇಡಾನಿನ ಮೂಲ ನಮ್ಮ ಕಾಲಡಿಯಲ್ಲಿದೆ ಎಂಬುದಕ್ಕೆ ಇವೆಲ್ಲ ಸಾಕ್ಷಿ.

ಒಳಗೆ ಬರುವುದು ಹೇಗೆ?

ಮಣ್ಣಿನ ರಂಧ್ರಗಳ ಗಾಳಿಯಲ್ಲಿ ರೇಡಾನ್ ಘನ ಮೀಟರಿಗೆ ಸಾವಿರಾರು ಬೆಕೆರೆಲ್ ಇರುತ್ತದೆ. ಬಯಲಿನಲ್ಲಿ ಅದು ಗಾಳಿಯಲ್ಲಿ ಚದುರಿ ಹತ್ತು ಬೆಕೆರೆಲ್ ಆಸುಪಾಸಿಗೆ ಇಳಿಯುತ್ತದೆ. ಮನೆಯ ಕೆಳಗೆ ಬಂದದ್ದು ನೆಲದ ಬಿರುಕು, ಗೋಡೆ ಮತ್ತು ನೆಲ ಸೇರುವ ಸಂದು, ಪೈಪು ಹಾಯುವ ತೂತುಗಳ ಮೂಲಕ ಒಳಸೇರುತ್ತದೆ. ಹಾಗೆ ಒಳಗೆಳೆಯುವ ಬಲ ಒತ್ತಡದ ವ್ಯತ್ಯಾಸ.

ಮನೆಯೊಳಗಿನ ಬಿಸಿಗಾಳಿ ಮೇಲೇರಿ ಹೊರಹೋದಾಗ ನೆಲದ ಬಳಿ ಒತ್ತಡ ತುಸು ಕಡಿಮೆಯಾಗುತ್ತದೆ. ಪೆನ್ಸಿಲ್ವೇನಿಯಾದ ಚಳಿಗಾಲದಲ್ಲಿ ಒಳಗೂ ಹೊರಗೂ 25 ಡಿಗ್ರಿ ಅಂತರವಿರುವ, 8 ಮೀಟರ್ ಎತ್ತರದ ಮನೆಯ ಬುಡದಲ್ಲಿ ಈ ಹೀರುವಿಕೆ ಸುಮಾರು 4 ಪಾಸ್ಕಲ್. ತುಮಕೂರಿನ ಡಿಸೆಂಬರ್ ರಾತ್ರಿಯಲ್ಲಿ 5 ಡಿಗ್ರಿ ಅಂತರವಿರುವ, 3 ಮೀಟರ್ ಎತ್ತರದ ಮನೆಯಲ್ಲಿ ಅದು ಕೇವಲ 0.3 ಪಾಸ್ಕಲ್. ನಮ್ಮ ಹವೆ ನಮಗೆ ಮಾಡಿರುವ ದೊಡ್ಡ ಉಪಕಾರ ಇದು. ಆದರೆ ಕಿಟಕಿಗಳನ್ನೆಲ್ಲ ಮುಚ್ಚಿ ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಹಾಕಿದರೆ ಕೆಲವು ಪಾಸ್ಕಲ್‌ಗಳ ಹೀರುವಿಕೆ ಉಂಟಾಗಬಹುದು. ಹೊರಗಿನ ಗಾಳಿಗೆ ದಾರಿಯಿಲ್ಲದಾಗ ಫ್ಯಾನ್ ನೆಲದಡಿಯ ಗಾಳಿಯನ್ನೇ ಎಳೆಯುತ್ತದೆ. ಆದ್ದರಿಂದ ಎಕ್ಸಾಸ್ಟ್ ಫ್ಯಾನ್ ತಿರುಗುವಾಗ ಒಂದು ಕಿಟಕಿ ತೆರೆದಿರಲಿ.

ಮೊದಲು ಅಳತೆ, ಆಮೇಲೆ ರಿಪೇರಿ

ಒಂದೇ ಬೀದಿಯ ಎರಡು ಮನೆಗಳಲ್ಲಿ ರೇಡಾನ್ ಹತ್ತು ಪಟ್ಟು ಬೇರೆಯಾಗಿರಬಹುದು. ಪಕ್ಕದ ಮನೆಯ ಅಳತೆ ನಮ್ಮದಲ್ಲ. ಅಳೆಯದೆ ಯಾವ ಸಾಧನಕ್ಕೂ ಹಣ ಹಾಕಬೇಡಿ.

ನಮ್ಮ ವಿಶ್ವವಿದ್ಯಾಲಯಗಳು ಬಹಳ ಕಾಲದಿಂದ ಬಳಸುವ ವಿಧಾನ ಸರಳವಾದುದು. ಎಲ್‌ಆರ್-115 ಎಂಬ ಸೆಲ್ಯುಲೋಸ್ ನೈಟ್ರೇಟ್ ಫಿಲ್ಮಿನ ತುಂಡನ್ನು ಚಿಕ್ಕ ಡಬ್ಬಿಯಲ್ಲಿಟ್ಟು ಕೋಣೆಯಲ್ಲಿ ಮೂರು ತಿಂಗಳು ತೂಗುಹಾಕುತ್ತಾರೆ. ಆಲ್ಫಾ ಕಣಗಳು ಅದರ ಮೇಲೆ ಕಣ್ಣಿಗೆ ಕಾಣದ ಗಾಯಗಳನ್ನು ಮಾಡುತ್ತವೆ. ಫಿಲ್ಮನ್ನು 60 ಡಿಗ್ರಿ ಉಷ್ಣತೆಯ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಒಂದೂವರೆ ಗಂಟೆ ಇಟ್ಟರೆ ಆ ಗಾಯಗಳು ತೂತುಗಳಾಗುತ್ತವೆ. ಅವನ್ನು ಎಣಿಸಿ ರೇಡಾನ್ ಪ್ರಮಾಣವನ್ನು ಕಂಡುಹಿಡಿಯುತ್ತಾರೆ. ಮುಂಬಯಿಯ ಭಾಭಾ ಪರಮಾಣು ಸಂಶೋಧನಾ ಕೇಂದ್ರ ಇಂಥ ಡಬ್ಬಿಗಳನ್ನು ರೂಪಿಸಿದೆ. ತಾಸುತಾಸಿಗೆ ಅಂಕಿ ತೋರಿಸುವ ಎಲೆಕ್ಟ್ರಾನಿಕ್ ಮಾಪಕಗಳೂ ಉಂಟು. ಯಾವುದೇ ಆಗಲಿ, ಜನ ಹೆಚ್ಚು ಹೊತ್ತು ಇರುವ ನೆಲಅಂತಸ್ತಿನ ಮಲಗುವ ಕೋಣೆಯಲ್ಲಿಡಿ, ಅಡುಗೆಮನೆ ಬಚ್ಚಲುಗಳಲ್ಲಿ ಬೇಡ. ರೇಡಾನ್ ಋತುವಿನಿಂದ ಋತುವಿಗೆ ಬದಲಾಗುವುದರಿಂದ ವರ್ಷವಿಡೀ ಅಳೆದ ಸರಾಸರಿಯೇ ನಂಬಲರ್ಹ.

ಕಿಟಕಿಯ ಲೆಕ್ಕ

ಹತ್ತಡಿ ಅಗಲ, ಹನ್ನೆರಡಡಿ ಉದ್ದ, ಹತ್ತಡಿ ಎತ್ತರದ ಕೋಣೆಯ ಘನಗಾತ್ರ ಸುಮಾರು 34 ಘನ ಮೀಟರ್. ಅದಕ್ಕೆ ಗಂಟೆಗೆ 1000 ಬೆಕೆರೆಲ್ ರೇಡಾನ್ ಬರುತ್ತಿದೆ ಎಂದು ಉದಾಹರಣೆಗೆ ಇಟ್ಟುಕೊಳ್ಳಿ. ಒಳಬರುವ ಈ ಪ್ರಮಾಣವನ್ನು ಕೋಣೆಯ ಘನಗಾತ್ರ ಮತ್ತು ಗಂಟೆಗೆ ಗಾಳಿ ಎಷ್ಟು ಸಲ ಬದಲಾಗುತ್ತದೆ ಎಂಬ ಸಂಖ್ಯೆ ಇವುಗಳ ಗುಣಲಬ್ಧದಿಂದ ಭಾಗಿಸಿದರೆ ಕೋಣೆಯ ರೇಡಾನ್ ಸಿಗುತ್ತದೆ. ಬಿಗಿಯಾಗಿ ಮುಚ್ಚಿದ ಕೋಣೆಯಲ್ಲಿ ಗಾಳಿ ಗಂಟೆಗೆ 0.2 ಸಲ ಬದಲಾದರೆ 147 ಬೆಕೆರೆಲ್. ಕಿಟಕಿ ತೆರೆದು ಗಂಟೆಗೆ 2 ಸಲ ಬದಲಾದರೆ ಸುಮಾರು 15. ಎರಡಕ್ಕೂ ಹೊರಗಾಳಿಯ ಹತ್ತನ್ನು ಸೇರಿಸಿಕೊಳ್ಳಿ. ರೇಡಾನ್ ತಾನಾಗಿ ವಿಘಟಿಸಿ ಕಡಿಮೆಯಾಗುವುದು ಗಂಟೆಗೆ ಶೇಕಡ 0.76 ಮಾತ್ರ. ಹಾಗಾಗಿ ಕೋಣೆಯನ್ನು ಶುದ್ಧಮಾಡುವುದು ಕಾಲವಲ್ಲ, ಗಾಳಿ.

ಜಂತೆಯ ಸಂದು, ಹೆಂಚಿನ ಸಂದುಗಳಿಂದ ಗಾಳಿಯಾಡುತ್ತಿದ್ದ ಹಳೆಯ ಮನೆಗಳಲ್ಲಿ ಈ ಕೆಲಸ ತಾನಾಗಿ ನಡೆಯುತ್ತಿತ್ತು. ಇಂದು ಸೊಳ್ಳೆಗೆ ಹೆದರಿ ಸಂಜೆಯೇ ಕಿಟಕಿ ಮುಚ್ಚುತ್ತೇವೆ. ಏರ್‌ಕಂಡಿಷನರ್ ಹಾಕಿದರೆ ಬಾಗಿಲ ಕೆಳಗಿನ ಸಂದನ್ನೂ ಮುಚ್ಚುತ್ತೇವೆ. ಗೋಡೆಗೆ ಹಾಕುವ ಏರ್‌ಕಂಡಿಷನರ್ ಹೊರಗಿನ ಗಾಳಿಯನ್ನು ತರುವುದಿಲ್ಲ, ಒಳಗಿನದನ್ನೇ ತಂಪು ಮಾಡಿ ಸುತ್ತಿಸುತ್ತದೆ. ಕಿಟಕಿಗಳಿಗೆ ಸೊಳ್ಳೆಜಾಲರಿ ಹಾಕಿಸಿ ಎದುರುಬದುರಿನ ಎರಡನ್ನು ತೆರೆದಿಡುವುದೇ ನಮ್ಮ ಊರಿಗೆ ಮೊದಲ ರೇಡಾನ್ ನಿವಾರಣಾ ವ್ಯವಸ್ಥೆ.

ನೆಲದಡಿಯಿಂದ ಹೀರುವ ವ್ಯವಸ್ಥೆ

ಕಿಟಕಿ ತೆರೆದಿಟ್ಟರೂ ವರ್ಷದ ಸರಾಸರಿ 100ರಿಂದ 300 ಬೆಕೆರೆಲ್ ದಾಟಿದರೆ, ಇಲ್ಲವೆ ಕಿಟಕಿ ತೆರೆಯಲು ಸಾಧ್ಯವೇ ಇಲ್ಲದಿದ್ದರೆ, ವಾಟ್ರಸ್ ಮನೆಯ ತಂತ್ರವನ್ನು ಯೋಚಿಸಬಹುದು. ಇದರ ತತ್ತ್ವ ಒಂದೇ: ನೆಲದಡಿಯ ಒತ್ತಡ ಮನೆಯೊಳಗಿನದಕ್ಕಿಂತ ಕಡಿಮೆಯಾಗಬೇಕು. ಆಗ ಬಿರುಕುಗಳಲ್ಲಿ ಗಾಳಿ ಮೇಲಕ್ಕೆ ಬರುವ ಬದಲು ಕೆಳಕ್ಕೆ ಹೋಗುತ್ತದೆ.

ಮೊದಲು ಬಿರುಕು, ಸಂದು, ಪೈಪಿನ ಸುತ್ತಲ ತೂತುಗಳನ್ನು ಸಿಮೆಂಟು ಇಲ್ಲವೆ ಸೀಲೆಂಟಿನಿಂದ ಮುಚ್ಚಬೇಕು. ಇಷ್ಟರಿಂದಲೇ ರೇಡಾನ್ ನಿಲ್ಲುವುದಿಲ್ಲ, ಕಣ್ಣಿಗೆ ಬೀಳದ ಸಂದುಗಳು ಉಳಿದೇ ಇರುತ್ತವೆ. ಆದರೆ ಮುಂದಿನ ಹಂತದಲ್ಲಿ ಫ್ಯಾನಿನ ಶಕ್ತಿ ವ್ಯರ್ಥವಾಗುವುದು ತಪ್ಪುತ್ತದೆ. ಆಮೇಲೆ ನೆಲದ ಒಂದು ಮೂಲೆಯಲ್ಲಿ ಸುಮಾರು ಐದು ಇಂಚಿನ ತೂತು ಕೊರೆದು, ಅದರಡಿಯಿಂದ ಒಂದೆರಡು ಬಕೆಟ್ ಮಣ್ಣು ತೆಗೆದು ಗುಳಿ ಮಾಡಬೇಕು. ಅದಕ್ಕೆ ನಾಲ್ಕಿಂಚಿನ ಪಿವಿಸಿ ಪೈಪನ್ನು ಇಳಿಸಿ, ಸುತ್ತ ಸೀಲ್ ಮಾಡಿ, ಗೋಡೆಗುಂಟ ತಾರಸಿಯ ಮೇಲಕ್ಕೆ ಒಯ್ಯಬೇಕು. ಪೈಪಿನಲ್ಲಿ ಕೂಡುವ ನೀರು ಗುಳಿಗೆ ಇಳಿದುಹೋಗುವಂತೆ ಇಳಿಜಾರು ಕೊಡಬೇಕು.

ಫ್ಯಾನ್ ಇರಬೇಕಾದ್ದು ತಾರಸಿಯ ಮೇಲೆ. ಕೋಣೆಯೊಳಗೆ ಇಟ್ಟರೆ ಫ್ಯಾನಿನಾಚೆಯ ಪೈಪಿನಲ್ಲಿ ಒತ್ತಡ ಹೆಚ್ಚಿರುವುದರಿಂದ ಅಲ್ಲಿ ಒಂದು ಜಾಯಿಂಟ್ ಬಿಟ್ಟರೂ ರೇಡಾನ್ ಮನೆಯೊಳಗೇ ಸುರಿಯುತ್ತದೆ. ಪೈಪಿನ ಬಾಯಿ ಕಿಟಕಿಗಳಿಂದ ಕನಿಷ್ಠ ಮೂರು ಮೀಟರ್ ದೂರವಿರಲಿ. ನಮ್ಮ ತಾರಸಿಗಳಲ್ಲಿ ಬಟ್ಟೆ, ಹಪ್ಪಳ ಒಣಹಾಕುತ್ತಾರೆ, ಬೇಸಗೆಯಲ್ಲಿ ಮಲಗುವುದೂ ಉಂಟು. ಆದ್ದರಿಂದ ಬಾಯಿಯನ್ನು ತಲೆಗಿಂತ ಎತ್ತರಕ್ಕೆ ಒಯ್ದು ಹಕ್ಕಿ ಗೂಡು ಕಟ್ಟದಂತೆ ಜಾಲರಿ ಹಾಕಬೇಕು.

ಹೀರುವಿಕೆ ನೆಲದಡಿ ಎಲ್ಲೆಡೆ ತಲುಪುತ್ತಿದೆಯೇ? ದೂರದ ಮೂಲೆಯಲ್ಲಿ ಬೆರಳು ಹೋಗದಷ್ಟು ಚಿಕ್ಕ ತೂತು ಕೊರೆದು ಊದಿನಕಡ್ಡಿ ಹಿಡಿಯಿರಿ. ಹೊಗೆ ತೂತಿನೊಳಕ್ಕೆ ಇಳಿದರೆ ತಲುಪುತ್ತಿದೆ ಎಂದರ್ಥ. ನಮ್ಮ ಮನೆಗಳಲ್ಲಿ ನೆಲದ ಕೆಳಗೆ ಮಣ್ಣು ತುಂಬಿ ದಮ್ಮಸ್ಸು ಮಾಡಿರುವುದರಿಂದ ಗಾಳಿ ಸುಲಭವಾಗಿ ಓಡಾಡುವುದಿಲ್ಲ. ಸೈಜುಗಲ್ಲಿನ ಪಾಯ ಒಂದೊಂದು ಕೋಣೆಯ ಅಡಿಭಾಗವನ್ನೂ ಬೇರೆ ಮಾಡಿರುತ್ತದೆ. ಹೀಗಾಗಿ ಒಂದಕ್ಕಿಂತ ಹೆಚ್ಚು ಗುಳಿಗಳು ಬೇಕಾಗಬಹುದು. ಪರೀಕ್ಷೆಯ ತೂತನ್ನು ಆಮೇಲೆ ಮುಚ್ಚಿಬಿಡಿ.

ಪೈಪಿಗೆ ಬಣ್ಣದ ನೀರಿರುವ ಯು ಆಕಾರದ ನಳಿಗೆಯನ್ನು ಜೋಡಿಸಿದರೆ ಫ್ಯಾನ್ ಕೆಲಸ ಮಾಡುತ್ತಿರುವುದು ಕಣ್ಣಿಗೆ ಕಾಣುತ್ತದೆ. ನೀರಿನ ಮಟ್ಟಗಳ ನಡುವೆ ಒಂದು ಸೆಂಟಿಮೀಟರ್ ಅಂತರವೆಂದರೆ 98 ಪಾಸ್ಕಲ್. 60 ವಾಟಿನ ಫ್ಯಾನ್ ಹಗಲೂ ರಾತ್ರಿ ತಿರುಗಿದರೆ ತಿಂಗಳಿಗೆ ಸುಮಾರು 43 ಯೂನಿಟ್ ವಿದ್ಯುತ್ ಬೇಕು. ಕರೆಂಟು ಹೋದರೆ ಕೆಲವೇ ತಾಸುಗಳಲ್ಲಿ ರೇಡಾನ್ ಮತ್ತೆ ಏರುತ್ತದೆ, ಆಗ ಕಿಟಕಿ ತೆರೆಯಿರಿ. ಈ ಫ್ಯಾನ್ ಮನೆಯ ಗಾಳಿಯನ್ನೂ ಸ್ವಲ್ಪ ಎಳೆಯುವುದರಿಂದ ಗ್ಯಾಸ್ ಗೀಸರ್, ಸೌದೆ ಒಲೆಗಳಿರುವಲ್ಲಿ ಹೊರಗಾಳಿಗೆ ದಾರಿ ಇರಲೇಬೇಕು. ವ್ಯವಸ್ಥೆ ಚಾಲೂ ಆಗಿ ಒಂದು ದಿನ ಕಳೆದ ಮೇಲೆ ಮತ್ತೆ ಅಳೆಯಬೇಕು, ಆಮೇಲೆ ಎರಡು ವರ್ಷಕ್ಕೊಮ್ಮೆ. ಸರಿಯಾಗಿ ಅಳವಡಿಸಿದರೆ ರೇಡಾನ್ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಶೇಕಡ 90ಕ್ಕೂ ಹೆಚ್ಚು ಇಳಿದ ಮನೆಗಳಿವೆ.

ಹೊಸ ಮನೆ ಕಟ್ಟುವವರಿಗೆ

ಇದೇ ಕೆಲಸ ಮನೆ ಕಟ್ಟುವಾಗ ಬಹಳ ಅಗ್ಗ. ಪಾಯದೊಳಗೆ ಮಣ್ಣು ತುಂಬಿದ ಮೇಲೆ, ನೆಲದ ಕಾಂಕ್ರೀಟ್ ಹಾಕುವ ಮುಂಚೆ ನಾಲ್ಕಿಂಚು ದಪ್ಪ ಜಲ್ಲಿ ಹರಡಿ. ಜಲ್ಲಿಯೊಳಗೆ ತೂತುಗಳಿರುವ ನಾಲ್ಕಿಂಚಿನ ಪೈಪನ್ನು ಮಲಗಿಸಿ, ಕೋಣೆಗಳ ನಡುವಿನ ಪಾಯವನ್ನೂ ದಾಟಿಸಿ. ಮೇಲೆ ದಪ್ಪ ಪಾಲಿಥೀನ್ ಹಾಳೆಯನ್ನು ಅಂಚುಗಳು ಒಂದರ ಮೇಲೊಂದು ಬರುವಂತೆ ಹಾಸಿ ಕಾಂಕ್ರೀಟ್ ಹಾಕಿಸಿ. ಪೈಪಿನ ತುದಿಯನ್ನು ತಾರಸಿಯ ಮೇಲಕ್ಕೆ ಒಯ್ದು ಬಿಟ್ಟರೆ ಬಿಸಿಲಿಗೂ ಗಾಳಿಗೂ ಅದು ತಾನಾಗಿ ಅಷ್ಟಿಷ್ಟು ಹೀರುತ್ತದೆ. ಮುಂದೆ ಅಳತೆಯಲ್ಲಿ ರೇಡಾನ್ ಹೆಚ್ಚು ಕಂಡರೆ ಆ ತುದಿಗೆ ಫ್ಯಾನ್ ಜೋಡಿಸಿದರೆ ಸಾಕು, ನೆಲ ಅಗೆಯಬೇಕಾಗಿಲ್ಲ. ಮೇಸ್ತ್ರಿಗೆ ಅರ್ಧ ದಿನದ ಕೆಲಸವಿದು.

ಕೊಳವೆಬಾವಿಯ ನೀರು

ತುಮಕೂರು ನಗರಕ್ಕೆ ಬುಗುಡನಹಳ್ಳಿ ಕೆರೆಯ ಮೂಲಕ ಬರುವ ಹೇಮಾವತಿಯ ನೀರು ಬಯಲಿಗೆ ಒಡ್ಡಿಕೊಂಡಿರುವುದರಿಂದ ಅದರಲ್ಲಿ ರೇಡಾನ್ ನಗಣ್ಯ. ಕೊಳವೆಬಾವಿಯ ನೀರಿನ ಮಾತು ಬೇರೆ, ಅದು ಬಂಡೆಯ ಬಿರುಕುಗಳಿಂದ ನೇರವಾಗಿ ಬರುತ್ತದೆ. ಮನೆಬಳಕೆಯ ನೀರಿನಲ್ಲಿರುವ ರೇಡಾನಿನ ಸುಮಾರು ಹತ್ತುಸಾವಿರದ ಒಂದು ಪಾಲಿನಷ್ಟು ಮನೆಯ ಗಾಳಿಯಲ್ಲಿ ಕಾಣುತ್ತದೆ ಎಂಬುದು ರೂಢಿಯ ಲೆಕ್ಕ. ಲೀಟರಿಗೆ 100 ಬೆಕೆರೆಲ್ ಎಂದರೆ ಘನ ಮೀಟರ್ ನೀರಿಗೆ ಒಂದು ಲಕ್ಷ, ಅದರಿಂದ ಗಾಳಿಗೆ ಸೇರುವುದು 10 ಬೆಕೆರೆಲ್. ಲೀಟರಿಗೆ 1189 ಇದ್ದರೆ ಗಾಳಿಗೆ ಸುಮಾರು 119. ಆಗ ನೀರೊಂದೇ ಆಧಾರ ಮಟ್ಟವನ್ನು ದಾಟಿಸುತ್ತದೆ.

ಪರಿಹಾರ ನಮ್ಮ ಮನೆಗಳಲ್ಲೇ ಇದೆ. ಕೊಳವೆಬಾವಿಯ ನೀರನ್ನು ನೇರವಾಗಿ ನಲ್ಲಿಗೆ ಕೊಡದೆ ಹೊರಗಿನ ಸಂಪಿಗೆ ಎತ್ತರದಿಂದ, ಷವರಿನಂತೆ ಚದುರಿ ಬೀಳುವ ಹಾಗೆ ಬಿಡಿ. ಅಲ್ಲಿಂದ ತಾರಸಿಯ ಟ್ಯಾಂಕಿಗೆ ಏರಿಸಿ. ನೀರು ಗಾಳಿಯೊಂದಿಗೆ ಕಲಕಿದಷ್ಟೂ ರೇಡಾನ್ ಹಾರಿಹೋಗುತ್ತದೆ. ಸಂಪು ಮನೆಯ ಒಳಗಡೆ ಇದ್ದರೆ ಅದರ ಮುಚ್ಚಳವನ್ನು ಬಿಗಿಮಾಡಿ, ಒಂದು ಗಾಳಿಕೊಳವೆಯನ್ನು ಹೊರಕ್ಕೆ ಒಯ್ಯಿರಿ. ಇದ್ದಲಿನ ಫಿಲ್ಟರ್ ರೇಡಾನನ್ನು ಹಿಡಿದಿಡುತ್ತದಾದರೂ ತಾನೇ ವಿಕಿರಣಶೀಲವಾಗುತ್ತದೆ. ಆದ್ದರಿಂದ ಗಾಳಿಯಾಡಿಸುವುದೇ ಮೇಲು.

ತರಗತಿಯಲ್ಲಿ

ಅಧ್ಯಾಪಕರು ಇದನ್ನು ಪಾಠವಾಗಿ ಮಾಡಬಹುದು. ಒಂದು ರಟ್ಟಿನ ಪೆಟ್ಟಿಗೆಯ ತಳದಲ್ಲಿ ಸಣ್ಣ ತೂತುಗಳನ್ನು ಮಾಡಿ, ಅದನ್ನು ಜಲ್ಲಿ ತುಂಬಿದ ತಟ್ಟೆಯ ಮೇಲಿಡಿ. ಜಲ್ಲಿಯೊಳಗೆ ಒಂದು ನಳಿಗೆ ಇರಲಿ. ಪೆಟ್ಟಿಗೆಯ ಮೇಲ್ಭಾಗದಿಂದ ಗಾಳಿ ಹೀರಿದಾಗ ಮತ್ತು ಜಲ್ಲಿಯ ನಳಿಗೆಯಿಂದ ಹೀರಿದಾಗ ಊದಿನಕಡ್ಡಿಯ ಹೊಗೆ ತೂತುಗಳಲ್ಲಿ ಯಾವ ಕಡೆಗೆ ಹೋಗುತ್ತದೆ ಎಂದು ವಿದ್ಯಾರ್ಥಿಗಳೇ ನೋಡಲಿ. ರೇಡಾನ್ ಮನೆಗೆ ಬರುವುದೂ ಹೊರಹೋಗುವುದೂ ಈ ಒತ್ತಡದ ಆಟ ಎಂಬುದು ಆಗ ಮನದಟ್ಟಾಗುತ್ತದೆ.

ಗ್ರಾನೈಟಿನ ಮೇಲೆ ಬದುಕುವವರು ಬಂಡೆಗೆ ಹೆದರಬೇಕಾಗಿಲ್ಲ. ನಮ್ಮ ಹಿರಿಯರ ಮನೆಗಳಲ್ಲಿ ಗಾಳಿಯಾಡುತ್ತಿತ್ತು, ನಾವು ಕಟ್ಟುತ್ತಿರುವ ಮನೆಗಳು ಬಿಗಿಯಾಗುತ್ತಿವೆ. ಬಿಗಿ ಮಾಡುವವರು ಅಳೆಯುವುದನ್ನೂ ಕಲಿಯಬೇಕು. ಅಳತೆ ಕಡಿಮೆ ಬಂದರೆ ನಿಶ್ಚಿಂತೆ. ಹೆಚ್ಚು ಬಂದರೆ ಕಿಟಕಿ, ಸೀಲೆಂಟು, ಪೈಪು, ಫ್ಯಾನ್ ಎಂಬ ಕ್ರಮದಲ್ಲಿ ಪರಿಹಾರವಿದೆ.